ಜೇಬಿಲ್ಲದ ಮೇಷ್ಟ್ರು

ನಂಜೇಗೌಡ ಮೇಷ್ಟ್ರ ಪ್ಯಾಂಟಿಗೆ ಜೇಬು ಇರಲಿಲ್ಲ. ಹರಿದುಹೋಗಿತ್ತೆಂದಲ್ಲ, ಹೊಲಿಸುವಾಗಲೇ ಬೇಡವೆನ್ನುತ್ತಿದ್ದರು. ಹೊಳೆನರಸೀಪುರದ ಪೇಟೆ ಬೀದಿಯ ದರ್ಜಿ ಮೊದಲ ಸಲ ಅಳತೆ ತೆಗೆದಾಗ, "ಸಾ, ಜೇಬಿಲ್ದೆ ಒಲುದ್ರೆ ಅದು ಪೈಜಾಮ ಆಯ್ತದೆ" ಎಂದು ವಾದಿಸಿದ್ದನಂತೆ. "ಆಗ್ಲಿ ಬುಡು, ಪೈಜಾಮದಾಗೇ ಪಾಠ ಮಾಡ್ತೀನಿ" ಎಂದರಂತೆ ಇವರು. ಅಂಗಿಗೂ ಅಷ್ಟೇ, ಎದೆಯ ಮೇಲೆ ಬೋಳು. ಕನ್ನಡಕ ದಾರ ಕಟ್ಟಿಸಿಕೊಂಡು ಕೊರಳಲ್ಲಿ ನೇತಾಡುತ್ತಿತ್ತು, ಪೆನ್ನು ಕಿವಿಯ ಮೇಲೆ. ಮಿಕ್ಕ ಸಾಮಾನೆಲ್ಲ, ಮನೆಯ ಬೀಗದ ಕೈ, ಕರವಸ್ತ್ರ, ನಶ್ಯದ ಡಬ್ಬಿ, ಪಕ್ಕದಲ್ಲಿ ಯಾರಿದ್ದಾರೋ ಅವರ ಜೇಬಿಗೆ. "ಇಟ್ಕಳ್ಳಾ ಇದ" ಎಂದು ಕೈಗೆ ತುರುಕಿ ಮುಂದೆ ನಡೆದುಬಿಡುವರು. ಎಂಟನೆಯ ತರಗತಿಯಿಂದ ಹತ್ತು ಮುಗಿಯುವವರೆಗೆ ಅವರ ನಶ್ಯದ ಡಬ್ಬಿಗೆ ನನ್ನ ಚಡ್ಡಿಯ ಜೇಬೇ ಮನೆ. ಒಂದು ದಿನ ವಾಪಸು ಕೊಡಲು ಮರೆತು ಊರಿಗೆ ಹೋದೆ. ಅವ್ವ ಡಬ್ಬಿಯನ್ನು ಮೂಸಿ ನೋಡಿ ಬೆನ್ನಿಗೆ ನಾಲ್ಕು ಬಿಗಿದಳು. ಮೇಷ್ಟ್ರದ್ದು ಕಣವ್ವಾ ಎಂದು ಎಷ್ಟು ಬಡಿದುಕೊಂಡರೂ ನಂಬಲಿಲ್ಲ.

ಜೇಬಿಲ್ಲದ್ದಕ್ಕೆ ಅವರೇ ಹೇಳುತ್ತಿದ್ದ ಕಾರಣವೊಂದಿತ್ತು. ಪ್ರತಿ ವರ್ಷ ಜೀವಶಾಸ್ತ್ರದ ಮೊದಲ ಪಾಠ ಅದೇ.

"ನಿಮ್ಮಷ್ಟಿದ್ದೆ ಕಣ್ರಲಾ. ಹೇಮಾವತಿ ದಂಡೆ ಮಳಲಾಗೆ ಒಂದ್ ಮೊಟ್ಟೆ ಸಿಕ್ತು, ಚುಕ್ಕೆ ಚುಕ್ಕೆದು. ಜೇಬಿಗಾಕ್ಕಂಡು ಓಡ್ದೆ. ಮನೆಗೋಗದ್ರಾಗೆ ಒಡ್ದೋಯ್ತು. ಕೈ ಆಕಿ ನೋಡ್ತೀನಿ, ಒಳಗೆ ಮರಿ. ಕೊಕ್ಕು ಸಮೇತ. ಅವತ್ತಿಗೆ ಜೇಬು ಸಾಕು ಅನ್ನುಸ್ತು. ಜೇಬು ಅನ್ನದು ಇದ್ರೆ ಕೈ ಸುಮ್ಕಿರಾಕಿಲ್ಲ."

ಹುಡುಗರು ನಗುತ್ತಿರಲಿಲ್ಲ. ಅವರು ಹೇಳುವ ರೀತಿಯೇ ಹಾಗೆ, ತೊಡೆಯ ಪಕ್ಕದಲ್ಲಿ ಒದ್ದೆಯಾದುದನ್ನು ಒರೆಸಿಕೊಂಡಂತೆ ಕೈ ಆಡಿಸುವರು.

ವರ್ಷಕ್ಕೊಮ್ಮೆ ನಮ್ಮನ್ನು ಶೆಟ್ಟಿಹಳ್ಳಿಗೆ ಕರೆದೊಯ್ಯುತ್ತಿದ್ದರು. ಬೇರೆ ಶಾಲೆಯವರು ಹಿನ್ನೀರಿನಲ್ಲಿ ನಿಂತ ಪಾಳು ಇಗರ್ಜಿಯ ಮುಂದೆ ಫೋಟೋ ತೆಗೆಸಿಕೊಂಡು ಬುತ್ತಿ ಬಿಚ್ಚಿದರೆ, ನಮ್ಮನ್ನು ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂರಿಸಿ ಬಸವನ ಹುಳು ನಡೆಯುವುದನ್ನು ನೋಡಿಸುತ್ತಿದ್ದರು. ಬಸ್ಸು ಹತ್ತುವ ಮೊದಲು ಸಾಲಾಗಿ ನಿಲ್ಲಿಸಿ, "ಎಲ್ರೂ ಜೇಬು ಈಚಿಗ್ ತಗೀರಿ" ಎನ್ನುವರು. ಇಪ್ಪತ್ತು ಮೂವತ್ತು ಜೇಬುಗಳು ಹೊರಗೆ ಜೋತುಬೀಳುತ್ತಿದ್ದವು. ಕಲ್ಲು, ಕಪ್ಪೆಚಿಪ್ಪು, ಬಸವನ ಹುಳುವಿನ ಚಿಪ್ಪು ಎಲ್ಲ ಕೆಳಗೆ. ಒಂದು ವರ್ಷ ಒಬ್ಬ, "ಖಾಲಿ ಚಿಪ್ಪು ಸಾ" ಎಂದು ಗೋಗರೆದ. ಮೇಷ್ಟ್ರು ಅದನ್ನು ಕಿವಿಗೆ ಹಿಡಿದು ಕೇಳಿ ಅವನಿಗೇ ಕೊಟ್ಟರು. "ಖಾಲಿ ಚಿಪ್ಪು ಅಂತ ಈ ಲೋಕದಾಗೆ ಯಾವ್ದೂ ಇಲ್ಲ ಕಣಪ್ಪ. ಒಬ್ಬ ಬುಟ್ಟೋದ್ರೆ ಇನ್ನೊಬ್ಬ ಬತ್ತಾನೆ. ಇಟ್ ಬಾ ಓಗು" ಎಂದರು. ಆಮೇಲೆ ಕಡಲಿನ ಒಂದು ಏಡಿಯ ಕಥೆ ಹೇಳಿದರು. ಅದಕ್ಕೆ ಸ್ವಂತ ಚಿಪ್ಪಿಲ್ಲ, ಸತ್ತ ಶಂಖದ ಹುಳುವಿನ ಚಿಪ್ಪು ಹುಡುಕಿ ಹೊಕ್ಕುಕೊಳ್ಳುತ್ತದೆ. ಮೇಷ್ಟ್ರು ಅದಕ್ಕಿಟ್ಟ ಹೆಸರು ಬಾಡಿಗೆ ಏಡಿ.

ಆವತ್ತು ನನ್ನ ಜೇಬಿನಲ್ಲಿ ಮೇಷ್ಟ್ರ ನಶ್ಯದ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ. ಮಿಂಚುಳ್ಳಿಯ ಒಂದು ನೀಲಿ ಗರಿ ನೋಟುಪುಸ್ತಕದ ನಡುವೆ ಇತ್ತು. ಅದು ಹೇಗೆ ಗೊತ್ತಾಯಿತೋ, ಪುಸ್ತಕ ಬಿಡಿಸಿದರು. ಬಯ್ಯಲಿಲ್ಲ. "ಎಲ್ಲಿ ತಗಂಡ್ಯೋ ಅಲ್ಲೇ ಇಡ್ಬೇಕು ರಂಗ. ಪಕ್ಕದಾಗಲ್ಲ, ಅಲ್ಲೇ" ಎಂದರು. ಅರ್ಧ ಮೈಲಿ ಹಿಂದಕ್ಕೆ ನಡೆದೆ. ಬಸ್ಸು ಕಾಯಿತು, ಹುಡುಗರು ಕೂಗಾಡಿದರು, ಡ್ರೈವರ್ ಹಾರನ್ ಹೊಡೆದ. ಮೇಷ್ಟ್ರು ಏರಿಯ ಮೇಲೆ ಬಿಸಿಲಲ್ಲಿ ನಿಂತು ನಾನು ವಾಪಸು ಬರುವವರೆಗೂ ನನ್ನನ್ನೇ ನೋಡುತ್ತಿದ್ದರು. ನಾನು ವಿಜ್ಞಾನದ ಮೇಷ್ಟ್ರಾಗಿದ್ದು ಆ ಅರ್ಧ ಮೈಲಿಯಿಂದ. ಕಟ್ಟಾಯದ ಹೈಸ್ಕೂಲಿಗೆ ಸೇರಿದ ಮೇಲೆ ಮಕ್ಕಳ ಒಂದು ಬಳಗ ಕಟ್ಟಿಕೊಂಡು ಕೆರೆ, ಗುಡ್ಡ ಸುತ್ತಿಸಿದೆ. ಬರುವಾಗ ಸಾಲಾಗಿ ನಿಲ್ಲಿಸಿ ಜೇಬು ತೆಗೆಸುತ್ತಿದ್ದೆ. ಮಾತು ಕೂಡ ಮೇಷ್ಟ್ರದ್ದೇ ಬರುತ್ತಿತ್ತು.

ಮೇಷ್ಟ್ರ ಹೆಂಡತಿ ಜಯಮ್ಮನವರಿಗೆ ಮಾತ್ರ ಈ ಜೇಬಿನ ವೇದಾಂತ ಕಂಡರೆ ಆಗುತ್ತಿರಲಿಲ್ಲ. ನಮ್ಮ ಕಡೆ ಯಾತ್ರೆಗೆ ಹೋದವರು ಬರಿಗೈಯಲ್ಲಿ ಹೊಸ್ತಿಲು ದಾಟುವುದಿಲ್ಲ. ಪ್ರಸಾದವೋ, ಬಳೆಯೋ, ಅದೂ ಇಲ್ಲದಿದ್ದರೆ ಹೊಳೆಯ ಒಂದು ಕಲ್ಲೋ, ಮನೆಯವರ ಮಡಿಲಿಗೆ ಏನಾದರೂ ಬೀಳಬೇಕು. "ಇವ್ರು ಎಲ್ಲೋಗಿದ್ರೂ ಎಲ್ಡ್ ಕೈ ಅಲ್ಲಾಡಿಸ್ಕಂಡು ಬತ್ತಾರೆ ಕಣಪ್ಪ ರಂಗ" ಎಂದು ಕಾಫಿ ಕೊಡುತ್ತ ಹೇಳುವರು. "ಕಟ್ಕಂಡಾಗಿಂದ ಒಂದ್ ಬೆಣಚುಕಲ್ಲು ತಂದು ಮಡಿಲಿಗಾಕಿದ್ರೆ ಕೇಳು." ಮೇಷ್ಟ್ರು ಒಳಗಿನಿಂದಲೇ, "ತತ್ತೀನಿ ಬುಡೇ, ಸಮುದ್ರುಕ್ಕೋದಾಗ ಶಂಖ ತತ್ತೀನಿ" ಎನ್ನುವರು. ಅದು ಆ ಮನೆಯ ತಮಾಷೆ. ಸಮುದ್ರಕ್ಕೆ ಅವರು ಹೋಗಿಯೇ ಇರಲಿಲ್ಲ. ಮೂವತ್ತು ವರ್ಷ ಹವಳ, ನಕ್ಷತ್ರಮೀನು, ಬಾಡಿಗೆ ಏಡಿ ಅಂತ ಪಾಠ ಮಾಡಿದ ಮನುಷ್ಯ ನಿವೃತ್ತಿಯಾಗುವವರೆಗೂ ಹೇಮಾವತಿಗಿಂತ ದೊಡ್ಡ ನೀರು ಕಂಡಿರಲಿಲ್ಲ.

ಅವರನ್ನು ಸಮುದ್ರಕ್ಕೆ ಕರೆದೊಯ್ದವನು ನಾನೇ. ಅಂಡಮಾನಿನಾಚೆ, ಹಡಗಿನಲ್ಲಿ ಹೆಚ್ಚುಕಡಿಮೆ ಒಂದು ದಿನದ ದಾರಿಗೆ, ಒಂದು ಒಂಟಿ ದ್ವೀಪವಿದೆ. ಹೆಸರು ಬರೆಯುವುದಿಲ್ಲ, ನನ್ನ ಹೆಸರು ಅಲ್ಲಿ ಕೆಟ್ಟಿದೆ. ಸುತ್ತಲಿನ ಕಡಲೂ ಸೇರಿದಂತೆ ಅದು ರಕ್ಷಿತ ಜಾಗ, ಅಪ್ಪಣೆಯಿಲ್ಲದೆ ಯಾರೂ ಕಾಲಿಡುವಂತಿಲ್ಲ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಒಂದು ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಆ ಒಂದೇ ಗುಡ್ಡದ ಕಾಡಿನಲ್ಲಿದೆ. ಅಲ್ಲಿನ ಹಕ್ಕಿ, ಹವಳ ಎಣಿಸಲು ಒಂದು ಸಂಸ್ಥೆ ಶಾಲಾ ಮೇಷ್ಟ್ರುಗಳನ್ನು ಸ್ವಯಂಸೇವಕರಾಗಿ ಕರೆಯುತ್ತಿದೆ ಎಂದು ಗೊತ್ತಾದಾಗ ಇಬ್ಬರದೂ ಅರ್ಜಿ ಹಾಕಿದೆ. ಮೇಷ್ಟ್ರಿಗೆ ವಯಸ್ಸಾಯಿತು ಎಂದು ಸಂಸ್ಥೆಯವರು ಹಿಂದೆಗೆದರು. ಇವರ ಜವಾಬ್ದಾರಿ ನನ್ನದು ಎಂದು ಬರೆದುಕೊಟ್ಟೆ. ನನಗೆ ಇಲಾಖೆಯಿಂದ ಕರ್ತವ್ಯದ ಮೇಲೆ ಹೋಗಲು ಅನುಮತಿಯೂ ಸಿಕ್ಕಿತು. ಹೊರಡುವ ದಿನ ಜಯಮ್ಮನವರು ತಮಾಷೆ ಮಾಡಲಿಲ್ಲ. ಗಂಡನ ಮುಖ ನೋಡಿ, "ಈಗ ಸಮುದ್ರುಕ್ಕೇ ಒಂಟಿದ್ದೀರ" ಎಂದರು, ಅಷ್ಟೇ.

ಮೇಷ್ಟ್ರು ಕಡಲನ್ನು ಮೊದಲು ಕಂಡದ್ದನ್ನು ನಾನು ಮರೆಯಲಾರೆ, ಮರೆಯಬೇಕೆಂದು ಬಹಳ ಪ್ರಯತ್ನಪಟ್ಟಿದ್ದೇನೆ. ಹಡಗಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. "ಇಷ್ಟೊಂದಾ" ಎಂದರು. ದ್ವೀಪದಲ್ಲಿದ್ದ ಒಂಬತ್ತು ದಿನ ಅವರಿಗೆ ಹಸಿವೆಯಿಲ್ಲ, ಮಂಡಿನೋವಿಲ್ಲ. ಕಾಡಂಚಿನ ಆಲದ ಜಾತಿಯ ಮರದಡಿ ಕೂತು ಮಂಗಟ್ಟೆಗಳನ್ನು ಎಣಿಸುವ ಕೆಲಸ ಅವರದು. ಗಂಡಿಗೆ ಕೆಂಗಂದು ತಲೆ, ಹೆಣ್ಣಿಗೆ ಕರಿ ತಲೆ, ಎರಡಕ್ಕೂ ಬಿಳಿ ಬಾಲ. ಮನುಷ್ಯರನ್ನು ಕಂಡರೆ ಅವಕ್ಕೆ ಭಯವೇ ಇರಲಿಲ್ಲ. ತಲೆಯ ಮೇಲೇ ರೆಕ್ಕೆ ಸದ್ದು ಮಾಡುತ್ತ ಬಂದು ಕೂತು ಹಣ್ಣು ನುಂಗುತ್ತಿದ್ದವು. "ನೋಡ್ಲಾ ರಂಗ, ಇವಕ್ಕೆ ಇದೊಂದೇ ಊರು. ಇಲ್ಲಿ ಓಯ್ತು ಅಂದ್ರೆ ಓಯ್ತು, ನೆಂಟ್ರ ಮನೆ ಅಂತ ಇನ್ನೊಂದಿಲ್ಲ" ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು. ನೀರು ಇಳಿದಾಗ ಹವಳದ ದಿಬ್ಬದ ಅಂಚಿಗೆ ನನ್ನ ಭುಜ ಹಿಡಿದು ಬರುವರು. ಬಾಡಿಗೆ ಏಡಿಗಳು ದಂಡೆಯ ತುಂಬ ಓಡಾಡುತ್ತಿದ್ದವು, ಹೆಜ್ಜೆ ಸದ್ದಾದರೆ ಚಿಪ್ಪಿನ ಆಳಕ್ಕೆ ಸರಿದು ಸತ್ತಂತೆ ಬಿದ್ದುಕೊಳ್ಳುತ್ತಿದ್ದವು. "ಪುಸ್ತಕದಾಗಿದ್ದಂಗೇ ಅದೆ ಕಣ್ಲಾ" ಎಂದು ಹಿಗ್ಗಿದರು.

ಹೊರಡುವ ದಿನ ಬೆಳಗ್ಗೆ ಎಲ್ಲರೂ ಸಾಮಾನು ಕಟ್ಟುತ್ತಿದ್ದೆವು. ಮೇಷ್ಟ್ರು ದಂಡೆಗೆ ಹೋಗಿದ್ದವರು ಬಂದು, "ನಿನ್ ಚೀಲದಾಗೆ ನಂದು ಕನ್ನಡಕದ ಡಬ್ಬಿ ಇಟ್ಟಿದೀನಿ" ಎಂದರು. ಇಡಿ ಸಾ ಎಂದೆ. ಚಿಕ್ಕಂದಿನಿಂದ ಇದ್ದದ್ದೇ.

ಅಂಡಮಾನಿಗೆ ವಾಪಸು ಬಂದು ಹಡಗು ಇಳಿದಾಗ ಕಟ್ಟೆಯ ಮೇಲೆ ಮೇಜು ಹಾಕಿಕೊಂಡು ಅರಣ್ಯ ರಕ್ಷಕಿಯೊಬ್ಬಳು ಒಬ್ಬೊಬ್ಬರ ಚೀಲವನ್ನೂ ತೆಗೆಸಿ ನೋಡುತ್ತಿದ್ದಳು. ನಾನು ನಗುತ್ತಲೇ ನನ್ನ ಚೀಲ ಸುರಿದೆ. ಮಕ್ಕಳಿಗೆ ಹೇಳಲು ಒಂದು ಕಥೆ ಸಿಕ್ಕಿತು, ನಿಮ್ಮ ಮೇಷ್ಟ್ರ ಜೇಬನ್ನೂ ಈಚಿಗೆ ತೆಗೆಸಿದರು ಕಣ್ರೋ ಅಂತ. ಅವಳು ನನ್ನ ಕಾಲುಚೀಲದ ಉಂಡೆಯೊಂದನ್ನು ಎತ್ತಿ ಮೂಗು ಮುಚ್ಚಿಕೊಂಡಳು. ಒಳಗಿನಿಂದ ಕಂದು ಗೆರೆಯ, ಮುಷ್ಟಿಯಷ್ಟು ದಪ್ಪದ ಒಂದು ಶಂಖ ಬಂತು. ಬಾಯಲ್ಲಿ ಏಡಿಯ ಕಾಲುಗಳು ಸಡಿಲವಾಗಿ ಜೋತುಬಿದ್ದಿದ್ದವು. ಕಾಲುಚೀಲದ ಬಿಗಿತದಲ್ಲಿ ಉಸಿರುಕಟ್ಟಿ ಸತ್ತಿತ್ತು.

ಒಂದು ಗಳಿಗೆ ನಾನೇ ತೆಗೆದುಕೊಂಡೆನೋ ಏನೋ ಎಂದು ನನಗೇ ಅನುಮಾನ ಬಂತು. ಆಮೇಲೆ ಮೇಷ್ಟ್ರ ಕಡೆ ನೋಡಿದೆ. ಅವರು ಆ ಸತ್ತ ಏಡಿಯನ್ನು ನೋಡುತ್ತಿದ್ದರು. ಬಲಗೈ ತೊಡೆಯ ಪಕ್ಕದಲ್ಲಿ ಮೇಲೆ ಕೆಳಗೆ ಆಡುತ್ತಿತ್ತು, ಒದ್ದೆ ಒರೆಸಿಕೊಳ್ಳುವಂತೆ. ನನಗೆ ಎಲ್ಲ ತಿಳಿದುಹೋಯಿತು. ಇನ್ನೇನು ಹೇಳುತ್ತಾರೆ, ಈಗ ಬಾಯಿ ಬಿಡುತ್ತಾರೆ, ಎಂದು ಕಾದೆ. ಬಾಯಿ ಬಿಟ್ಟರು.

"ಸಾರಿ ಮೇಡಂ. ಮೈ ಸ್ಟೂಡೆಂಟ್" ಎಂದರು ಆ ಹುಡುಗಿಗೆ. ನನ್ನ ಕಡೆ ತಿರುಗಿ ಎಲ್ಲರೆದುರು ಕನ್ನಡದಲ್ಲಿ, "ನಾನು ನಿಂಗೆ ಇದೇ ಏನ್ಲಾ ಕಲ್ಸಿದ್ದು?" ಎಂದರು.

ಹೇಳಬಹುದಿತ್ತು. ಆದರೆ ಅವರ ವಯಸ್ಸು, ಅಷ್ಟು ಜನರ ಮಧ್ಯೆ ಅವರ ತಲೆ ತಗ್ಗುವುದು, ಇದೆಲ್ಲ ಅಡ್ಡ ಬಂತು. ಸಂಜೆಯೊಳಗೆ ಅವರೇ ಹೋಗಿ ಹೇಳುತ್ತಾರೆ ಬಿಡು ಎಂದುಕೊಂಡೆ. ದಡ್ಡ ನಾನು. ಕೇಸು ಹಾಕಲಿಲ್ಲ, ಹೇಳಿಕೆ ಬರೆಸಿಕೊಂಡರು. "ಇದು ನನ್ನ ಚೀಲದಲ್ಲಿ ಸಿಕ್ಕಿದ್ದು ನಿಜ" ಎಂದು ಬರೆದು ಸಹಿ ಹಾಕಿದೆ. ಸುಳ್ಳಲ್ಲವಲ್ಲ.

ವಿಮಾನದಲ್ಲಿ ಕಾದೆ. ಬೆಂಗಳೂರಿನಿಂದ ಬರುವ ಬಸ್ಸಿನಲ್ಲಿ ಕಾದೆ. ಪಕ್ಕದಲ್ಲೇ ಕೂತಿದ್ದರು, ಮಂಗಟ್ಟೆಗಳ ಲೆಕ್ಕದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ್ದರು. ನಿದ್ದೆಯಲ್ಲ, ರೆಪ್ಪೆ ಅದುರುತ್ತಿತ್ತು. ಹೊಳೆನರಸೀಪುರಕ್ಕೆ ಬಸ್ಸು ಬದಲಿಸಲು ಚನ್ನರಾಯಪಟ್ಟಣದಲ್ಲಿ ಇಳಿದರು. ಕಿಟಕಿಯ ಹತ್ತಿರ ಬಂದು ಕೈ ನೀಡಿದರು. ಇಲ್ಲಾದರೂ ಹೇಳುತ್ತಾರೆ ಎಂದು ಬಗ್ಗಿದೆ.

"ಬೀಗದ ಕೈ ಕೊಡ್ಲಾ" ಎಂದರು.

ನನ್ನ ಜೇಬಿನಲ್ಲಿತ್ತು. ಕೊಟ್ಟೆ.

ಹೇಳಿಕೆಯ ಪ್ರತಿ ಇಲಾಖೆಗೆ ಬಂತು, ಇಲಾಖೆಯಿಂದ ಶಾಲೆಗೆ ಬಂತು. ಹೆಡ್‌ಮಾಸ್ಟರು ಒಳ್ಳೆಯವರು, ನನ್ನ ಮುಖ ನೋಡದೆ ಮಾತಾಡಿದರು. ಮಕ್ಕಳ ಬಳಗವನ್ನು ಬೇರೆಯವರಿಗೆ ವಹಿಸಿದರು, ಹೊರಸಂಚಾರ ನಿಂತಿತು. ಊರೊಳಗೆ ನನಗೆ ಶಂಖದ ಮೇಷ್ಟ್ರು ಎಂಬ ಹೆಸರಾಯಿತು. ಅದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ಒಂಬತ್ತನೆಯ ತರಗತಿಯ ಕಾವ್ಯ ಎಂಬ ಹುಡುಗಿ, ಬಳಗದಲ್ಲಿ ಎಲ್ಲರಿಗಿಂತ ಚುರುಕಾಗಿದ್ದವಳು, ಒಂದು ದಿನ ಪಾಠ ಮುಗಿದ ಮೇಲೆ ನಿಂತಳು. ಕೊಂಕಿರಲಿಲ್ಲ ಅವಳ ದನಿಯಲ್ಲಿ, ನಿಜವಾಗಿ ತಿಳಿಯಬೇಕಿತ್ತು ಅವಳಿಗೆ.

"ಸಾ, ನೀವು ನಮ್ ಜೇಬೆಲ್ಲ ನೋಡ್ತಿದ್ರಲ್ಲ. ನಿಮ್ ಜೇಬ ಯಾರ್ ನೋಡ್ತಿದ್ರು?"

ಉತ್ತರ ಇತ್ತು. ಹೇಳಬೇಕಾದವರು ಹೊಳೆನರಸೀಪುರದಲ್ಲಿದ್ದರು. ಆ ಭಾನುವಾರವೇ ಹೋದೆ.

ಮೇಷ್ಟ್ರು ಹೊಳೆಯ ಸೋಪಾನದ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದರು. ಹೊಸ ಪ್ಯಾಂಟು, ಅದಕ್ಕೆ ಎರಡು ಪಕ್ಕದಲ್ಲೂ ಜೇಬು. ನನ್ನ ಕಣ್ಣು ಎಲ್ಲಿದೆಯೆಂದು ಅವರಿಗೂ ತಿಳಿಯಿತು.

"ವಯಸ್ಸಾಯ್ತಲ್ಲ, ಯಾರ್ ಕೈಲಿ ಅಂತ ಕೊಡದು" ಎಂದರು.

ನನಗೆ ಬೇಕಾಗಿದ್ದು ಜೇಬಲ್ಲ, ಒಂದು ಮಾತು. ಸುತ್ತಿಬಳಸಿ ಮಾತಾಡಲಿಲ್ಲ. "ಸಾ, ನಮ್ ಹೆಡ್‌ಮಾಸ್ಟರಿಗೆ ಎರಡು ಸಾಲು ಬರ್ಕೊಡಿ. ಊರಿಗೆಲ್ಲ ಬೇಡ. ಆ ಮಕ್ಕಳಿಗೆ ಗೊತ್ತಾದ್ರೆ ಸಾಕು" ಎಂದೆ.

ಅವರು ನೀರಿನ ಕಡೆ ತಿರುಗಿದರು. ಸುಳ್ಳು ಹೇಳಲಿಲ್ಲ, ಅದೊಂದು ಗುಣ ಉಳಿದಿತ್ತು. "ನೀನಿನ್ನೂ ಚಿಕ್ಕೋನು ಕಣಪ್ಪ" ಎಂದರು. "ನಿನ್ ಹೆಸ್ರು ಮತ್ತೆ ಚಿಗುರ್ತದೆ. ನಂದು ಇನ್ನೆಲ್ಲಿ ಚಿಗುರ್ತದೆ, ಇರೋದಷ್ಟೇ. ಓಗೋಗಂಟ ಇದ್ಬುಡ್ಲಿ ಅದು."

"ಇದನ್ನೂ ಇಟ್ಕಳ್ಳಾ ಅಂತೀರಾ ಸಾ?"

ಮೇಷ್ಟ್ರು ಎರಡೂ ಕೈ ಜೇಬಿಗಿಟ್ಟುಕೊಂಡು ನಿಂತಿದ್ದರು. ಅಭ್ಯಾಸವಿಲ್ಲದ್ದರಿಂದ ಕೈ ಪೂರ್ತಿ ಒಳಗೆ ಹೋಗಿರಲಿಲ್ಲ. ನಾನು ನಮಸ್ಕಾರವನ್ನೂ ಮಾಡದೆ ಮೆಟ್ಟಿಲು ಹತ್ತಿದೆ. ಅದೇ ಕೊನೆ. ಏರಿಯ ಮೇಲೆ ನಿಂತು ನನ್ನನ್ನು ಕಾದ ಮನುಷ್ಯ ಇವರೇ ಏನು ಎಂದು ದಾರಿಯುದ್ದಕ್ಕೂ ಕೇಳಿಕೊಂಡೆ. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಗುತ್ತಿತ್ತು, ಅಷ್ಟು ವರ್ಷ ನಂಬಿದ್ದಕ್ಕೆ.

ವರ್ಷದೊಳಗೆ ಹೋಗಿಬಿಟ್ಟರು. ಮಣ್ಣಿಗೆ ನಾನು ಹೋಗಲಿಲ್ಲ. ತಿಥಿ ಕಳೆದು ಒಂದು ವಾರಕ್ಕೆ, ಜನ ಕರಗಿದ ಮೇಲೆ, ಜಯಮ್ಮನವರನ್ನು ನೋಡಲು ಹೋದೆ. ಅವರಿಗೆ ನಿಜ ಹೇಳಿಬಿಡಬೇಕೆಂದೇ ಹೋಗಿದ್ದೆ. ಹೇಗೆ ಶುರು ಮಾಡುವುದೆಂದು ಬಸ್ಸಿನಲ್ಲಿ ಹತ್ತು ಸಲ ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಮೇಷ್ಟ್ರ ಫೋಟೋಕ್ಕೆ ಹೂವು ಹಾಕಿತ್ತು. ಜಯಮ್ಮನವರು ಕಾಫಿ ಕೊಟ್ಟು ಎದುರಿಗೆ ಕೂತರು.

"ನಂಗೆ ನಿನ್ ಮ್ಯಾಲೆ ಒಂದ್ ವರ್ಷದಿಂದ ಕ್ವಾಪ ಇತ್ತು ಕಣಪ್ಪ" ಎಂದರು.

ನನ್ನ ಮೇಲಾ, ಎಂದೆ.

"ಹಡಗು ದಡಕ್ ಬತ್ತಿದ್ದಂಗೇ ಫೋನ್ ಮಾಡಿದ್ರು ಇವ್ರು. ಜಯಾ, ನಿಂಗೆ ಶಂಖ ತತ್ತಾ ಇವ್ನಿ ಕಣೇ ಅಂದ್ರು. ಚಿಕ್ಕುಡುಗ್ರು ಮಾತಾಡ್ದಂಗೆ ಮಾತಾಡಿದ್ರು. ನಾನು ಅರಿಶಿನ ಕುಂಕುಮ ಮಡಗ್ಕಂಡು ಕಾದೆ. ಬಂದ್ರು, ಬರೀ ಕೈ. ಎಲ್ರೀ ಅಂದ್ರೆ, ರಂಗನ ಚೀಲದಾಗಿಟ್ಟಿದ್ದೆ, ಅವ್ನು ಕಳ್ದಾಕ್ಬುಟ್ಟ ಅಂದ್ರು." ಸೆರಗಿನಿಂದ ಮುಖ ಒರೆಸಿಕೊಂಡರು. "ಓಗ್ಲಿ ಬುಡು. ನೀನೇನು ಬೇಕು ಅಂತ ಕಳ್ದಿದ್ದೀಯಾ. ಇವತ್ತು ಬುಟ್ಟೆ ಕಣಪ್ಪ, ಆ ಕ್ವಾಪ ಬುಟ್ಟೆ."

ನಾನು ಮೇಷ್ಟ್ರ ಹತ್ತಿರ ಬೇಡಿದ್ದ ತಪ್ಪೊಪ್ಪಿಗೆ ಹೀಗೆ ಸಿಕ್ಕಿತು. ರಂಗನ ಚೀಲದಾಗಿಟ್ಟಿದ್ದೆ. ಅಷ್ಟನ್ನು ಕಟ್ಟೆಯ ಮೇಲೆ ಹೇಳಿದ್ದರೆ ಸಾಕಿತ್ತು. ಮನೆಯಲ್ಲಿ ಹೇಳಿದರು, ಅದಕ್ಕೂ ನನ್ನ ತಪ್ಪೊಂದನ್ನು ಅಂಟಿಸಿ. ಬಸ್ಸಿನಲ್ಲಿ ಅಂದುಕೊಂಡ ಮಾತು ನಾಲಿಗೆಯ ತುದಿಯಲ್ಲಿತ್ತು. ಫೋಟೋದ ಕಡೆ ನೋಡಿದೆ. ಅದು ನಿವೃತ್ತಿಯ ದಿನದ ಫೋಟೋ, ಎದೆಯ ಮೇಲೆ ಜೇಬಿಲ್ಲದ ಅಂಗಿ.

"ನೀನು ನೋಡಿದ್ಯಲ್ಲ, ಎಂಗಿತ್ತಪ್ಪ ಅದು?" ಎಂದರು ಜಯಮ್ಮನವರು.

ಆ ಕಣ್ಣಿನಲ್ಲಿದ್ದ ಆಸೆ ನೋಡಿ ನನಗೆ ಬೇರೇನೂ ಮಾಡಲಾಗಲಿಲ್ಲ. ಮುಷ್ಟಿ ಕಟ್ಟಿ ತೋರಿಸಿದೆ. "ಇಷ್ಟು ದಪ್ಪ ಇತ್ತು ಕಣಮ್ಮ. ಮೇಲೆ ಕಂದು ಗೆರೆ. ಬಾಯಿ ಹತ್ರ ಮುತ್ತಿನ ಹೊಳಪು."

ಅವರು ನನ್ನ ಮುಷ್ಟಿಯನ್ನೇ ನೋಡಿದರು. ಆಮೇಲೆ ಏನೋ ಹೊಳೆದಂತೆ ಮುಖ ಸಣ್ಣಗಾಯಿತು.

"ಒಳಗೆ ಜೀವ ಗೀವ ಇರ್ಲಿಲ್ಲ ತಾನೆ? ನಂಗೋಸ್ಕರ ಅಂತ ತಂದಿದ್ದು ನೋಡು, ಪಾಪ ಸುತ್ಕಬಾರ್ದು."

"ಖಾಲಿ ಚಿಪ್ಪು ಕಣಮ್ಮ" ಎಂದೆ.